ಆರು ತಿಂಗಳ ಬ್ರೆಡ್ಡು

ಆಗೆಲ್ಲ ಧಾರವಾಡದ ಮಡಿವಂತರ ಮನೆಗೆ ಬ್ರೆಡ್ಡು ಬಂತೆಂದರೆ ಯಾರೋ ಹಾಸಿಗೆ ಹಿಡಿದಿದ್ದಾರೆ ಎಂದೇ ಅರ್ಥ. ಡಾಕ್ಟರು ಹೇಳಿದರೆ ಮಾತ್ರ, ಅದೂ ಔಷಧವೆಂದುಕೊಂಡು, ಹೊಸ್ತಿಲು ದಾಟಿಸುತ್ತಿದ್ದರು. ಹೀಗಿರುವಾಗ ಗುಂಡುಕಲ್ಲಿನಂಥ ಶಾಲಾ ಮಾಸ್ತರ ಪಂಢರಿನಾಥ ಮಾರ್ಕೆಟ್ಟಿನ ತಗಡಿನ ಸೂರಿನಡಿ, ಗುಲಾಬಸಾಬನ ಬೇಕರಿ ಮುಂದೆ ದಿನಾ ಏನು ಮಾಡುತ್ತಿದ್ದ?

ಸುಲಭಾಳನ್ನು ನೋಡುತ್ತಿದ್ದ, ಮತ್ತೇನು!

ಮೊದಲ ದಿನ ಬಂದದ್ದು ಬಿಸಿ ನಾನಕಟಾಯಿ ಬಿಸ್ಕೀಟಿನ ವಾಸನೆಗೆ ಸೋತು. ತಂದೆಯ ಪಥ್ಯಕ್ಕೆಂದು ಬ್ರೆಡ್ಡು ಕೊಳ್ಳುತ್ತಿದ್ದ ಹುಡುಗಿ ಓರೆಗಣ್ಣಲ್ಲಿ ನೋಡಿ ಕೇಳಿದಳು, "ನಿಮ್ಮ ಮನ್ಯಾಗ ಯಾರಿಗೆ ಆರಾಮಿಲ್ರಿ?"

ಬಾಯಿಚಪಲ ಎನ್ನಲು ನಾಚಿ, "ನಮ್ಮವ್ವಗ" ಎಂದುಬಿಟ್ಟ. ನಾನಕಟಾಯಿ ಬಿಟ್ಟು ಬ್ರೆಡ್ಡು ಕೊಂಡ.

"ಅಯ್ಯ, ಪಾಪ!" ಎಂದಳು. ಆ ಕಣ್ಣುಗಳಿಗೆ ಅವನು ಮರುದಿನವೂ ಬಂದ.

"ಇವತ್ತ ಹ್ಯಾಂಗಿದ್ದಾರ?"

"ಒಂದೀಟು ಛಲೋ."

"ಹಂಗಾರ ನಾಳೆ ಬರೂದಿಲ್ಲೇನು?"

"ಅಷ್ಟು ಲಗೂ ಆರಾಮ ಆಗೂದಿಲ್ರಿ!"

ಅವಳು ಸೆರಗಿನ ಅಂಚಿನಲ್ಲಿ ನಗು ಮುಚ್ಚಿಕೊಳ್ಳುವಳು. ಅವನು ಸಪ್ತಾಪುರದ ದಾರಿಯಲ್ಲೇ ಬ್ರೆಡ್ಡು ತಿಂದು ಮುಗಿಸಿ, ಬಾಯಿ ಒರೆಸಿಕೊಂಡು ಮನೆ ಸೇರುವನು. ಹೀಗೇ ಆರು ತಿಂಗಳು.

"ತಾಯಿಗೆ ಎಷ್ಟು ಮಾಡ್ತಾರ ಅವರು!" ಎಂದು ಸುಲಭಾ ಮನೆಯಲ್ಲಿ ಹೊಗಳಿದ್ದೇ ಹೊಗಳಿದ್ದು. ಗುಣವಾಗಿ ಎದ್ದ ತಂದೆ ಯಜ್ಞೇಶ್ವರರಾಯರಿಗೂ ಹುಡುಗ ಹಿಡಿಸಿದ. ಜಾತಕ ಕೂಡಿತು. ಮಾತುಕತೆಗೆ ಪಂಢರಿನಾಥನ ಮನೆಗೇ ಬಂದರು.

ಬಂದು ನೋಡಿದರೆ, ಅವನ ತಾಯಿ ಅಂಬಾಬಾಯಿ ಬಾವಿಯಿಂದ ಎರಡು ಕೊಡ ನೀರು ಹೊತ್ತು ಒಳಗೆ ಬರುತ್ತಿದ್ದಾರೆ!

"ಹಂಗಾರ ಆರು ತಿಂಗಳಿಂದ ಬ್ರೆಡ್ಡು ಯಾರಿಗೆ?" ಎಂದರು ರಾಯರು.

"ನಮ್ಮ ಮನ್ಯಾಗ ಬ್ರೆಡ್ಡ? ರಾಮ ರಾಮಾ!" ಅಂಬಾಬಾಯಿ ಮಗನತ್ತ ತಿರುಗಿದರು. "ಏನೋ ಪಂಢರಿ ಇದು?"

ನಾನೇ ತಿಂದೆ, ಸುಲಭಾಳನ್ನು ನೋಡಲಿಕ್ಕೆ ಹೋಗುತ್ತಿದ್ದೆ ಎಂದಿದ್ದರೆ ಮುಗಿಯುತ್ತಿತ್ತು. ಅವ್ವ ಬೈಯುತ್ತಿದ್ದಳು, ಪಂಚಗವ್ಯ ಕುಡಿಸುತ್ತಿದ್ದಳು, ಅಷ್ಟೇ. ಪುಣ್ಯಾತ್ಮ ನೆಲ ನೋಡುತ್ತ ನಿಂತ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೇ ಕೆಟ್ಟವರ ಸುದ್ದಿ ಯಾರೂ ಹೇಳುವುದಿಲ್ಲ ನೋಡಿ.

ಮನೆಯಲ್ಲಿ ಯಾರಿಗೋ ಕ್ಷಯವಿದೆ, ಮುಚ್ಚಿಡುತ್ತಿದ್ದಾರೆ ಎಂದುಕೊಂಡು ರಾಯರು ಎದ್ದು ಹೋದರು.

ನಾಚಿಕೆಗೆ ಅವನು ವಾರವಿಡೀ ಮಾರ್ಕೆಟ್ಟಿನತ್ತ ಸುಳಿಯಲಿಲ್ಲ. ಎಂಟನೇ ದಿನ ಹೋದಾಗ ಸುಲಭಾ ಬೇಕರಿ ಮುಂದೆ ಬರಿಗೈಯಲ್ಲಿ ನಿಂತಿದ್ದಳು.

"ನಮ್ಮಪ್ಪನ ಮುಂದ ನಾ ಎಲ್ಲಾ ಹೇಳಿದೆ," ಎಂದಳು. "ಅವರ ಮನ್ಯಾಗ ಯಾರಿಗೂ ಜಡ್ಡಿಲ್ಲ, ನನ್ನ ನೋಡ್ಲಿಕ್ಕೆ ಬರ್ತಿದ್ರು, ನನಗ ಅವರ ಬೇಕು ಅಂತ."

ಅವನು ಒಂದು ಹೆಜ್ಜೆ ಮುಂದೆ ಬಂದ. "ಏನಂದ್ರು?"

"ಖರೇ ಇದ್ರ ಅಂವನ ಬಂದು ಹೇಳ್ಲಿ ಅಂದ್ರು. ಆರು ದಿನ ಬಾಗಲಾ ನೋಡಿದ್ವಿ. ನಿನ್ನೆ ಹುಬ್ಬಳ್ಳಿಯವರಿಗೆ ಮಾತು ಕೊಟ್ರು."

"ಈಗ ಬರ್ತೇನಿ ಸುಲಭಾ! ಈಗಿಂದೀಗ!"

"ಈಗ ಬಂದ್ರ ನನ್ನ ಹೆಸರು ಕೆಡ್ತದ, ಅಷ್ಟ." ಅವಳ ಕಣ್ಣು ತುಂಬಿ ಬಂದವು. "ಒಂದ ಮಾತಿತ್ತು ನೋಡ್ರಿ. ನಾ ಹೆಣ್ಣಾಗಿ ಆಡಿದೆ."

ತಿರುಗಿ ನಡೆದಳು. ಮಾರ್ಕೆಟ್ಟಿನ ಬಾಗಿಲ ಹತ್ತಿರ ಒಮ್ಮೆ ನಿಂತಳು ಕೂಡ. ಕೂಗಬೇಕೆಂದು ಅವನು ಬಾಯಿ ತೆರೆದ. ಸುತ್ತ ಪರಿಚಯದವರು ನಾಲ್ಕು ಜನ ಇದ್ದರು. ಸುಮ್ಮನಾದ.