ಮೂರನೇ ಡ್ರಮ್ಮಿನ ಬಳೆ ಸದ್ದು

ಬಳೆ ಒಂದು ಸಲ ಟಿಣ್ ಎಂದರೆ ಚೀಸ್ ಚೆನ್ನಾಗಿದೆ. ಎರಡು ಸಲ ಎಂದರೆ ಕೆಟ್ಟಿದೆ. ಮುರಳಿಗೂ ಸಮತಾಳಿಗೂ ನಡುವೆ ಇದ್ದ ಗುಟ್ಟು ಇಷ್ಟೇ.

ಬೆಂಗಳೂರಿನ ಹೋಟೆಲುಗಳಿಗೆ ಸಲಾಡಿನ ಹುಚ್ಚು ಹೊಸತಾಗಿ ಹಿಡಿದಿದ್ದ ಕಾಲ. ಮಾಚೇನಹಳ್ಳಿಯ ಸಣ್ಣ ಚೀಸ್ ಫ್ಯಾಕ್ಟರಿಯಲ್ಲಿ, ಉಪ್ಪುನೀರಿನಲ್ಲಿ ಮುಳುಗಿಸಿಟ್ಟ ಫೆಟಾ ಎಂಬ ಬಿಳಿ ಚೀಸ್ ಮೂಸಿ, ಇದು ಲಾರಿಗೆ, ಇದು ಮೋರಿಗೆ ಎಂದು ಹೇಳಬೇಕಾದವನು ಮುರಳಿ. ಆದರೆ ಹೋದ ವರ್ಷದ ಜ್ವರ ಅವನ ಮೂಗಿನಿಂದ ವಾಸನೆಯನ್ನೇ ಒರೆಸಿಕೊಂಡು ಹೋಗಿತ್ತು. ಗೊತ್ತಾದರೆ ಕೆಲಸ ಹೋದಂತೆಯೇ. ಗೊತ್ತಿದ್ದವಳು ಡ್ರಮ್ ತೊಳೆಯುವ ಸಮತಾ ಒಬ್ಬಳೇ. ಅವಳು ಮೂಸುತ್ತಿದ್ದಳು, ಗಾಜಿನ ಬಳೆಯನ್ನು ಸ್ಟೀಲ್ ಡ್ರಮ್ಮಿಗೆ ತಾಗಿಸುತ್ತಿದ್ದಳು.

ಫೆಟಾ ಅಲ್ಲಿ ಎಲ್ಲರ ಬಾಯಲ್ಲೂ ‘ಪೇಟ’.

“ದಿನಾ ಪೇಟ ಮುಟ್ತೀರಿ, ಮದುಮಗನಾಗಿ ತಲೆಗೆ ಇಟ್ಕೊಳ್ಳೋದು ಯಾವಾಗ ಮಾರಾಯ್ರೆ?” ಎಂದು ಕೇಳಿ, ಅವನು ತಲೆ ಎತ್ತುವಷ್ಟರಲ್ಲಿ ಕಣ್ಣು ತಪ್ಪಿಸಿಬಿಡುತ್ತಿದ್ದಳು.

“ಕಟ್ಟೋರು ಸಿಗ್ಬೇಕಲ್ಲ,” ಎನ್ನುತ್ತಿದ್ದ. ಮಾತು ಅದರಾಚೆ ದಾಟುತ್ತಿರಲಿಲ್ಲ.

ಆ ಗುರುವಾರ ಮಧ್ಯಾಹ್ನ ಲೋಡು ಹೊರಡಬೇಕಿತ್ತು. ಸಮತಾ ಮೂರು ದಿನದಿಂದ ಬಂದಿರಲಿಲ್ಲ.

ಕೋಲ್ಡ್ ರೂಮಿನಲ್ಲಿ ಮುರಳಿ ಒಬ್ಬನೇ. ಐದು ಡ್ರಮ್. ತುಂಡುಗಳು ಪೂರ್ತಿ ಮುಳುಗಿವೆ, ಬೆಳ್ಳಗಿವೆ, ಎಲ್ಲೂ ಗುಲಾಬಿ ಕಲೆಯಿಲ್ಲ. ಕಣ್ಣಿಗೆ ಎಲ್ಲಾ ಸರಿ. ಸೀಲಿಗೆ ಕೈ ಹಾಕಿದ.

ಟಿಣ್. ಟಿಣ್.

ಬಾಗಿಲು ಮುಚ್ಚಿಯೇ ಇತ್ತು. ಮೂರನೇ ಡ್ರಮ್ಮಿನ ನೀರು ಮಾತ್ರ, ಯಾರೋ ಈಗಷ್ಟೇ ಕೈ ತೆಗೆದಂತೆ ಅಲುಗುತ್ತಿತ್ತು.

ಮುರಳಿ ತಳದವರೆಗೆ ಕೈ ಇಳಿಸಿದ. ಅಡಿಯ ತುಂಡುಗಳೆಲ್ಲ ಲೋಳೆ.

ಮಾಲೀಕ ಷಡಕ್ಷರಪ್ಪ ಬಂದು ಬಗ್ಗಿ ಮೂಸಿ, ಟವೆಲಿನಿಂದ ಮುಖ ಮುಚ್ಚಿಕೊಂಡರು. “ಥೂ, ಏನು ನಾತ! ನಿನ್ನ ಮೂಗು ಬಂಗಾರ ಕಣೋ ಮುರಳಿ!”

ಬಂಗಾರದ ಮೂಗಿನವನು ಸಂಜೆಯ ಬಸ್ಸು ಹಿಡಿದು ಸಮತಾಳ ಊರು ಭದ್ರಾವತಿಗೆ ಹೊರಟ. ದಾರಿಯುದ್ದಕ್ಕೂ ಒಂದೇ ಭಯ. ಬದುಕಿರುವವರು ಹಾಗೆ ಬರುವುದುಂಟೇ?

ಬಾಗಿಲು ತೆರೆದದ್ದು ಅವಳ ತಾಯಿ ಹಾಲಮ್ಮ. “ಪೇಟದ ಫ್ಯಾಕ್ಟರಿಯವ್ರಾ? ಬನ್ನಿ. ಮೂರು ದಿನದಿಂದ ಮೈ ಕೆಂಡ. ಬಳೆ ಸಹ ಬಿಚ್ಚಿಟ್ಟೀನಿ.”

ಸಮತಾ ಕಣ್ಣು ತೆರೆದಳು. “ಮೂರನೇ ಡ್ರಮ್ ಕಳ್ಸಿಲ್ಲ ತಾನೆ?”

ಮುರಳಿ ಮಂಚದ ಹತ್ತಿರ ಸರಿದ. “ಯಾರು ಹೇಳಿದ್ರು ನಿಂಗೆ?”

“ಮಧ್ಯಾಹ್ನ ಕನಸು ಬಿತ್ತು. ಎಷ್ಟು ಬಡಿದ್ರೂ ನಿಮ್ಗೆ ಕೇಳ್ತಾನೇ ಇರ್ಲಿಲ್ಲ. ಮೂಗಿನ ಜೊತೆ ಕಿವೀನೂ ಹೋಯ್ತೇನೋ ಅಂದ್ಕೊಂಡೆ.”

ಬಳೆಗಳು ಕಿಟಕಿಯಲ್ಲಿದ್ದವು. ಮುಟ್ಟಿದರೆ ಒದ್ದೆ. ಒಂದನ್ನು ನಾಲಿಗೆಗೆ ತಾಗಿಸಿದ. ಉಪ್ಪು.

“ನಾಳೆ ಯಜಮಾನ್ರಿಗೆ ನಿಜ ಹೇಳ್ಬಿಡ್ತೀನಿ, ಮೂಗು ನಂದಲ್ಲ, ನಿಂದು ಅಂತ,” ಎಂದ. “ಕೆಲಸ ಹೋದ್ರೆ ಹೋಗ್ಲಿ. ನೀನು ಹೋಗ್ಬೇಡ ಸಮತಾ.”

“ನಾನೆಲ್ಲಿಗೆ ಹೋಗ್ಲಿ? ಪೇಟ ಕಟ್ಟೋರು ಸಿಗ್ಬೇಕು ಅಂತಿದ್ರಲ್ಲ,” ಎಂದಳು. ಈ ಸಲ ಕಣ್ಣು ತಪ್ಪಿಸಲಿಲ್ಲ.

ಅವನು ಬಳೆ ತೊಡಿಸಿದ. ಅವಳ ಹಣೆ ಸುಡುತ್ತಿತ್ತು. ಆ ಬಲಗೈ ಮಾತ್ರ, ಮೊಣಕೈವರೆಗೆ, ಉಪ್ಪುನೀರಿನಿಂದ ಈಗ ತೆಗೆದಂತೆ ಕೊರೆಯುತ್ತಿತ್ತು. ಎರಡೂ ಅಂಗೈಯಲ್ಲಿ ಹಿಡಿದು ಕೂತ. ಕಾಫಿ ತಂದ ಹಾಲಮ್ಮ ಬಾಗಿಲಲ್ಲೇ ನೋಡಿ, ಸದ್ದಿಲ್ಲದೆ ಹಿಂದಿರುಗಿದರು.

ಬಹಳ ಹೊತ್ತಿನ ಮೇಲೆ ಕೈ ಬೆಚ್ಚಗಾಯಿತು. ಬಳೆ ಮಂಚದ ಕಬ್ಬಿಣಕ್ಕೆ ತಾಗಿತು.

ಟಿಣ್.

ಇಬ್ಬರೂ ಉಸಿರು ಬಿಗಿಹಿಡಿದು ಕಾದರು. ಇನ್ನೊಂದು ಸದ್ದು ಬರಲಿಲ್ಲ.