ಎರಡನೆಯ ಸಾಕ್ಷಿ

"ಮೂವತ್ತೊಂದನೇ ಪುಟದ ಮ್ಯಾಲೆ ಮಾತ್ರ ಪೆನ್ಸಿಲ್ ಇಡಬ್ಯಾಡ, ಯವ್ವಾ," ಎಂದಳು ನೀಲವ್ವ. "ಓದಾಕ ಬರಲಿಲ್ಲ ಅಂತ ಹಾಕಿ ಮುಂದ ಹೋಗು."

ಪ್ರತೀಕ್ಷಾ ನಕ್ಕಳು. "ವೇಲ್ಸ್‌ನ ಮಾಟ ಗ್ರೀನ್‌ಫರ್ಡ್‌ವರೆಗೂ ಬರುತ್ತಾ ನೀಲಕ್ಕ? ಟ್ಯೂಬ್ ರೈಲಲ್ಲೋ, ಬಸ್ಸಲ್ಲೋ?"

"ಪುಸ್ತಕದ ಪೆಟ್ಟಿಗ್ಯಾಗ ಬಂದೇತಿ." ನೀಲವ್ವ ನಗಲಿಲ್ಲ.

ವೇಲ್ಸ್‌ನ ಹಳ್ಳಿ ಚರ್ಚುಗಳ ಹಳೆಯ ಮದುವೆ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಗೋದಾಮು ಅದು. ವಿಜಯಪುರದ ನೀಲವ್ವ ಅಲ್ಲಿ ಹನ್ನೆರಡು ವರ್ಷಗಳಿಂದ ಪುಸ್ತಕಗಳ ಧೂಳು ಒರೆಸುತ್ತಿದ್ದಳು. ಎಂ.ಎ. ಮುಗಿಸಿದ ಪ್ರತೀಕ್ಷಾ ಸೇರಿ ಎರಡೇ ವಾರ. ಸಹಿ ಅರ್ಥವಾಗದಿದ್ದರೆ ಅದರ ಮೇಲೆ ತೆಳುಕಾಗದವಿಟ್ಟು, ಗೆರೆ ಹೋದ ದಾರಿಯಲ್ಲೇ ನಿಧಾನವಾಗಿ ಪೆನ್ಸಿಲ್ ಎಳೆಯಬೇಕು. ಕಣ್ಣಿಗೆ ಸಿಗದ ಹೆಸರು ಕೈಗೆ ಸಿಗುತ್ತದೆ. ಅಲ್ಲಿಯ ಪದ್ಧತಿ ಅದು.

ಮೂವತ್ತೊಂದನೇ ಪುಟ ಸಾವಿರದ ಏಳುನೂರ ತೊಂಬತ್ತೊಂದನೆಯ ಇಸವಿಯದು. ವರನ ಸಹಿ. ಅಕ್ಷರ ಬಾರದ ವಧು ಮಾರ್ಗೆಡ್ ಹಾಕಿದ ಒಂದು ಕತ್ತರಿಗುರುತು. ಮೊದಲ ಸಾಕ್ಷಿಯ ಹೆಸರು. ಎರಡನೆಯ ಸಾಕ್ಷಿಯ ಜಾಗದಲ್ಲಿ ಮಾತ್ರ ಒಂದು ಉದ್ದ ಗೆರೆ, ಒಂದು ಬಾಲ, ಆಮೇಲೆ ಕಲೆ.

"ವರನ ತಾಯಿ ಮಸ್ಯಾಗ ಗೋರಿ ಮಣ್ಣು ಕಲಸಿ ಮಾಟ ಮಾಡಿದ್ಲಂತ," ನೀಲವ್ವ ದನಿ ತಗ್ಗಿಸಿದಳು. "ಎರಡನೇದಾಂವ ಸಹಿ ಹಾಕೂದರಾಗ ಹುಡುಗಿ ಅಲ್ಲೇ ಬಿದ್ದು ಸತ್ಲು. ಲಗ್ನ ಅರ್ಧಕ್ಕ ನಿಂತೇತಿ. ಆಕಿ ಇನ್ನೂ ಸಾಕ್ಷಿ ಹುಡುಕ್ತಾಳ. ಚರ್ಚಿನವರೇ ಚೀಟಿ ಬರದು ಪೆಟ್ಟಿಗ್ಯಾಗ ಇಟ್ಟಾರ. ನಾಳಿಗೆ ನಿನ್ನ ಲಗ್ನ, ಇವತ್ತರೆ ನನ್ನ ಮಾತು ಕೇಳು."

"ಬದುಕಿರೋ ನನಗೇ ಕೌನ್ಸಿಲ್‌ನಲ್ಲಿ ಮದುವೆ ಡೇಟ್ ಸಿಗೋಕೆ ಮೂರು ತಿಂಗಳಾಯ್ತು. ಸತ್ತೋಳಿಗೆ ಯಾರು ಕೊಡ್ತಾರೆ?"

ನೀಲವ್ವ ಟೀ ಕುಡಿಯಲು ಹೋದಳು.

ಡಿಸೆಂಬರಿನ ಮಧ್ಯಾಹ್ನ. ಮೂರೂವರೆಗೇ ಕಿಟಕಿಯ ಬೆಳಕು ಸೋರಿಹೋಗಿತ್ತು. ಪುಟದಿಂದ ಒದ್ದೆ ಕುರಿಯುಣ್ಣೆಯ, ಆರಿದ ಮೇಣದ ಬತ್ತಿಯ ವಾಸನೆ ಎದ್ದಿತು. ಪ್ರತೀಕ್ಷಾ ತೆಳುಕಾಗದವನ್ನು ಹಾಸಿ ಪೆನ್ಸಿಲ್ ಊರಿದಳು. ಉದ್ದ ಗೆರೆ. ಬಾಲ. ಕಲೆ. ಅಲ್ಲಿಗೆ ನಿಲ್ಲಬೇಕಿತ್ತು.

ಕೈ ನಿಲ್ಲಲಿಲ್ಲ.

ಮಣಿಕಟ್ಟನ್ನು ತಣ್ಣಗಿನ ಬೆರಳುಗಳು ಹಿಡಿದಂತಾಯಿತು. ಎಡಗೈಯಿಂದ ಬಲಗೈಯನ್ನು ಎಳೆದಳು. ಬರಲಿಲ್ಲ. ಪೆನ್ಸಿಲ್ ಸರಿಯಿತು. ತಿರುಗಿತು. ಬ್ಯಾಂಕಿಗೆ, ಪಾಸ್‌ಪೋರ್ಟಿಗೆ ಹಾಕುವ ಅವಳದೇ ಸಹಿ ಕಾಗದದ ಮೇಲೆ ಮೂಡಿತು. ಕಾಗದವನ್ನು ಕಿತ್ತೆಸೆದಳು. ಅಡಿಯ ಪುಟದಲ್ಲೂ ಅದೇ ಸಹಿ. ಕಂದು ಮಸಿ. ಇನ್ನೂ ಒದ್ದೆ.

ಬಾಗಿಲಲ್ಲಿ ನೀಲವ್ವನ ಕೈಯ ಲೋಟ ಜಾರಿತು. "ಬರದ್ಯಾ?"

ಪ್ರತೀಕ್ಷಾ ಓಡಿದಳು.

ಮರುದಿನ ತನ್ನ ಕೈಹಿಡಿಯಬೇಕಿದ್ದ ವಸಿಷ್ಠನಿಗೆ ಫೋನ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಮತ್ತೆ. ನಾಳೆ ಹನ್ನೊಂದಕ್ಕೆ ಅವನ ಪಕ್ಕ ನಿಂತು ಸಹಿ ಹಾಕಿಬಿಟ್ಟರೆ ಮುಗಿಯಿತು, ಯಾವ ಮಾಟವೂ ಮುಟ್ಟಲಾರದು ಎಂದು ಬೆಳಗಿನವರೆಗೆ ತನಗೆ ತಾನೇ ಹೇಳಿಕೊಂಡಳು.

ಮರುದಿನ ಕೌನ್ಸಿಲ್ಲಿನ ಮದುವೆ ನೋಂದಣಿ ಕೊಠಡಿಗೆ ಹತ್ತು ನಿಮಿಷ ಮೊದಲೇ ಬಂದಳು. ಬಾಗಿಲು ತೆರೆದಿತ್ತು. ಎಲ್ಲರೂ ಕೂತಿದ್ದರು. ಮೈಸೂರಿನಿಂದ ಬಂದಿದ್ದ ಅಮ್ಮ ಮುಂದಿನ ಸಾಲಿನಲ್ಲಿ ಯಾರದೋ ಜಡೆಗೆ ಮಲ್ಲಿಗೆ ಮುಡಿಸುತ್ತಿದ್ದರು. ಆ ತಲೆಯ ಮೇಲೆ ಹಳೆಯ ಕಾಲದ ಬಿಳಿಯ ನಾರುಬಟ್ಟೆಯ ಟೊಪ್ಪಿಗೆ; ಮಲ್ಲಿಗೆಯ ನಡುವೆ ಒದ್ದೆ ಕುರಿಯುಣ್ಣೆಯ, ಆರಿದ ಮೇಣದ ಬತ್ತಿಯ ಅದೇ ವಾಸನೆ. ಅವಳು ತಿರುಗಲಿಲ್ಲ.

"ಅಮ್ಮಾ!"

ಅಮ್ಮ ನೋಡಿದರು. ಗುರುತು ಹತ್ತದವರಂತೆ ಸೌಜನ್ಯಕ್ಕೆ ನಕ್ಕು, ಮತ್ತೆ ಹೂವಿನತ್ತ ಬಾಗಿದರು.

ವಸಿಷ್ಠ ಎದ್ದು ಬಂದ. ಅವಳು ಹೊಲಿಸಿದ ಶೇರ್ವಾನಿ ತೊಟ್ಟಿದ್ದ. ಅವಳು ಅವನ ತೋಳು ಹಿಡಿದಳು. ಅವನು ಮೆಲ್ಲಗೆ ಬಿಡಿಸಿಕೊಂಡು, ಅಧಿಕಾರಿಯ ಮೇಜಿನ ಮೇಲಿದ್ದ ಪೆನ್ನನ್ನು ಎರಡೂ ಕೈಯಿಂದ ಅವಳತ್ತ ಚಾಚಿದ.

"ಬನ್ನಿ, ಎರಡನೇ ಸಾಕ್ಷಿಗೋಸ್ಕರವೇ ಕಾಯ್ತಾ ಇದ್ವಿ," ಎಂದ. "ನಮ್ಮ ಮದುವೆಗೆ ನೀವು ಬಂದಿದ್ದು ತುಂಬಾ ಸಂತೋಷ."