ಬಾಗಿಲ ರಬ್ಬರಿನ ಮೇಲಿನ ಕೂದಲು

ಅಕ್ಕ ನನ್ನ ಜೊತೆ ಮಾತು ಬಿಟ್ಟಿರುವುದು ಒಂದು ಕೂದಲಿನಿಂದಾಗಿ.

ಹಣ್ಣನ್ನು ಹೆಪ್ಪುಗಟ್ಟಿಸಿ, ಗಾಳಿಯನ್ನೆಲ್ಲ ಹೀರಿ ಒಣಗಿಸುವ ಯಂತ್ರವೊಂದನ್ನು ನಾವಿಬ್ಬರೂ ನಡೆಸುತ್ತೇವೆ. ಆ ವಾರ ಅದರಲ್ಲಿ ವ್ಯಾಕ್ಯೂಮ್ ನಿಲ್ಲುತ್ತಲೇ ಇರಲಿಲ್ಲ. ಪಂಪಿನ ಎಣ್ಣೆ ಬದಲಾಯಿಸಿದೆ, ಪೈಪುಗಳನ್ನು ಬಿಗಿದೆ. ಕೊನೆಗೆ ಬಾಗಿಲಿನ ರಬ್ಬರಿನ ಮೇಲೆ ಉದ್ದನೆಯ ಕೂದಲೊಂದು ಸಿಕ್ಕಿತು. ಗಾಳಿ ನುಸುಳಲು ಅಷ್ಟು ಸಾಕು.

ನನ್ನ ತಲೆಯಲ್ಲಿರುವುದು ಗಿಡ್ಡ ಕೂದಲು. ರೇಗಿಹೋಯಿತು.

"ತಲೆಗೆ ಬಟ್ಟೆ ಕಟ್ಕೋ ಅಂತ ಎಷ್ಟು ಸಲ ಬಡ್ಕೊಂಡೆ!"

"ಕಟ್ಟಿದೀನಲ್ಲೇ, ಕಣ್ಣು ಕಾಣಲ್ವಾ?" ಅಕ್ಕ ಸಿಡಿದಳು.

ಒರೆಸಿ ಮುಚ್ಚಿದೆ. ಬಾಗಿಲಂಚಿನಲ್ಲಿ ಸುಯ್ಯೆಂದಿತು, ಒಳಗೆಷ್ಟು ಗಾಳಿಯಿದೆಯೆಂದು ತೋರಿಸುವ ಮೀಟರಿನ ಮುಳ್ಳು ಮತ್ತೆ ಏರಿತು. ತೆರೆದರೆ ಅದೇ ಜಾಗದಲ್ಲಿ ಇನ್ನೊಂದು ಕೂದಲು. ಸುತ್ತಲ ಲೋಹವೆಲ್ಲ ತಣ್ಣಗೆ ಕೊರೆಯುತ್ತಿದ್ದರೂ ಅದು ಬೆಚ್ಚಗಿತ್ತು. ಬಾಯಿಗೆ ಬಂದಂತೆ ಬೈದೆ. ಅಕ್ಕ ಕತ್ತರಿ ತೆಗೆದು ತನ್ನ ಜಡೆಯನ್ನು ಬುಡದಲ್ಲೇ ಕತ್ತರಿಸಿ ನನ್ನ ಕಾಲ ಬಳಿ ಎಸೆದಳು.

"ಈಗ ಸಮಾಧಾನ ಆಯ್ತಾ?"

ರಬ್ಬರನ್ನು ಮತ್ತೆ ಒರೆಸಿ, ಮುಚ್ಚಿ, ತೆರೆದೆ. ಮತ್ತೊಂದು ಕೂದಲಿತ್ತು.

ಸಿಟ್ಟಿನಲ್ಲಿ ಅದರ ಮೇಲೆಯೇ ಬಾಗಿಲು ಬಡಿದೆ. ಸುಯ್ಯೆನ್ನುವ ಸದ್ದು ನಿಂತಿತು. ಮುಳ್ಳು ಕೆಳಗಿಳಿದು ಅಲ್ಲೇ ಕೂತಿತು.

ಈಗಲೂ ಆ ಕೂದಲನ್ನು ತೆಗೆದರೆ ಯಂತ್ರದೊಳಗೆ ಗಾಳಿ ನುಸುಳುತ್ತದೆ, ಹಾಗಾಗಿ ಅಲ್ಲೇ ಬಿಟ್ಟಿದ್ದೇನೆ. ತಿಂಗಳುಗಳೇ ಕಳೆದರೂ ಅಕ್ಕನ ತಲೆಗೂದಲು ಮಾತ್ರ ಅಂದು ಕತ್ತರಿಸಿದಲ್ಲಿಂದ ಎಳ್ಳಷ್ಟೂ ಬೆಳೆದಿಲ್ಲ.